ನಲ್ಲಿಯ ಬಣ್ಣಕ್ಕಿಂತ ಮೊದಲು ನೀರು

ನಮ್ಮೂರು ಅಂತರಸಂತೆಗೆ ಕಬಿನಿ ಹಿನ್ನೀರು ದೂರವೇನಲ್ಲ. ಬೀಚನಹಳ್ಳಿಯ ಅಣೆಕಟ್ಟು 1974ರಲ್ಲಿ ಮುಗಿದ ಮೇಲೆ ಈ ಸೀಮೆಯ ನಕ್ಷೆಯೇ ಬದಲಾಯಿತು. ಆದರೂ ನಮ್ಮ ಮನೆಯ ಬಚ್ಚಲಿಗೆ ಬರುವುದು ಬೋರ್‌ವೆಲ್ ನೀರು. ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತು, ಸುಣ್ಣದ ಅಂಶ ಕರಗಿಸಿಕೊಂಡು ಮೇಲೆ ಬರುವ ಸೌಳು ನೀರು. ಸೋಪು ಬೇಗ ನೊರೆ ಕಟ್ಟುವುದಿಲ್ಲ, ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಹತ್ತುತ್ತದೆ. ಹಳೆಯ ಬಚ್ಚಲುಮನೆಯನ್ನು ಕೈಗೆಟುಕುವ ಖರ್ಚಿನಲ್ಲಿ ಹೊಸದು ಮಾಡಲು ಹೊರಟಾಗ ಯಾವ ನಲ್ಲಿ, ಯಾವ ಲೋಹ, ಯಾವ ಬಣ್ಣ ಎಂಬುದನ್ನೆಲ್ಲ ಕೊನೆಗೆ ತೀರ್ಮಾನಿಸಿದ್ದು ಈ ನೀರೇ.

ಕೈಯಲ್ಲಿದ್ದದ್ದು ಹತ್ತಿ ಮಾರಿದ ದುಡ್ಡಿನಲ್ಲಿ ಬೇರೆ ಖರ್ಚೆಲ್ಲ ಕಳೆದು ಉಳಿದ ಮೊತ್ತ. ಟೈಲ್ಸ್ ಒಡೆದು ಹೊಸದು ಹಾಕಿಸುವಷ್ಟು ಇರಲಿಲ್ಲ. ನಲ್ಲಿ, ಶವರ್, ಟವೆಲ್ ರಾಡು, ಸೋಪಿನ ತಟ್ಟೆ ಇಷ್ಟನ್ನು ಬದಲಿಸಬಹುದಿತ್ತು. ಅದಕ್ಕೂ ಮುಖ್ಯ ಕಾರಣ ಅತ್ತೆಯ ಕೈ. ಬೆರಳ ಗಂಟುಗಳು ನೋಯುವುದರಿಂದ ಹಳೆಯ ತಿರುಪು ನಲ್ಲಿಯನ್ನು ಬಿಗಿಯಾಗಿ ತಿರುಗಿಸಲು ಅವರಿಗೆ ಆಗುತ್ತಿರಲಿಲ್ಲ. ರಾತ್ರಿಯಿಡೀ ತೊಟ್ಟಿಕ್ಕುತ್ತಿದ್ದ ನಲ್ಲಿ ಅವರಿಗೇ ಹೆಚ್ಚು ಸಂಕಟ ಕೊಡುತ್ತಿತ್ತು.

ನಮ್ಮ ಬಚ್ಚಲಲ್ಲಿ ಇನ್ನೂ ತಾಮ್ರದ ಹಂಡೆ ಇದೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಅದನ್ನು ಹುಣಸೆಹಣ್ಣು ಹಾಕಿ ಉಜ್ಜಿದರೆ ಮತ್ತೆ ಕೆಂಪಗೆ ಹೊಳೆಯುತ್ತದೆ. ಹಂಡೆ ಹೊರಗೂ ತಾಮ್ರ, ಒಳಗೂ ತಾಮ್ರ. ಕಿಲುಬು ಹಿಡಿದರೆ ಉಜ್ಜಿ ತೆಗೆದಷ್ಟೂ ಹೊಸ ಲೋಹವೇ ಮೇಲೆ ಬರುತ್ತದೆ. ಅಂಗಡಿಯ ನಲ್ಲಿ ಹಾಗಲ್ಲ. ಒಳಗಿನದು ಹಿತ್ತಾಳೆ, ಅದರ ಮೇಲೆ ನಿಕ್ಕಲ್ಲಿನ ಒಂದು ಪದರ, ಅದರ ಮೇಲೆ ಕ್ರೋಮಿಯಂ. ಈ ಕೊನೆಯ ಪದರ ಒಂದು ಮೈಕ್ರಾನಿಗಿಂತಲೂ ತೆಳು, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ. ಕನ್ನಡಿಯಂಥ ಹೊಳಪನ್ನು ಬಹುಪಾಲು ಕೊಡುವುದು ಅಡಿಯ ನಿಕ್ಕಲ್. ಗೀರು ಬೀಳದಂತೆ, ಮಂಕಾಗದಂತೆ ಕಾಯುವುದು ಮೇಲಿನ ಕ್ರೋಮಿಯಂ. ಹಂಡೆ ಉಜ್ಜಿದ ಹಾಗೆ ಇದನ್ನು ಉಜ್ಜಿದರೆ ಹೋಗುವುದು ಆ ಚರ್ಮವೇ, ಹೋದದ್ದು ಮತ್ತೆ ಬರುವುದಿಲ್ಲ. ಇದೊಂದು ತಿಳಿದರೆ ನಲ್ಲಿ ಕೊಳ್ಳುವ ಅರ್ಧ ವಿದ್ಯೆ ತಿಳಿದಂತೆ ಎಂದು ನನಗೆ ಅನ್ನಿಸಿದೆ.

ಎಚ್.ಡಿ. ಕೋಟೆಯ ಅಂಗಡಿಗಳನ್ನೂ ಮೈಸೂರಿನ ಅಂಗಡಿಗಳನ್ನೂ ನೋಡಿದೆ. ಎಲ್ಲ ಕಡೆಯೂ ಗಾಜಿನ ಹಿಂದೆ ಎಲ್ಲವೂ ಒಂದೇ ಥರ ಹೊಳೆಯುತ್ತವೆ. ಕೈಗೆ ತೆಗೆದುಕೊಂಡರೆ ಮಾತ್ರ ವ್ಯತ್ಯಾಸ ಗೊತ್ತಾಗುವುದು. ಗಟ್ಟಿ ಹಿತ್ತಾಳೆಯ ನಲ್ಲಿ ಅಂಗೈಯಲ್ಲಿ ಭಾರವಾಗಿ ಕೂರುತ್ತದೆ. ಹಗುರವಾಗಿದ್ದರೆ ತೆಳುವಾಗಿ ಎರಕ ಹೊಯ್ದಿರುತ್ತಾರೆ, ಇಲ್ಲವೇ ಪ್ಲಾಸ್ಟಿಕ್ಕಿನ ಮೇಲೆ ಕ್ರೋಮ್ ಬಳಿದಿರುತ್ತಾರೆ. ಸತುವಿನ ಮಿಶ್ರಲೋಹದ್ದು ಇನ್ನೊಂದು ಬಗೆ. ನಲ್ಲಿಯ ಮೈ ಹಿತ್ತಾಳೆಯದಾಗಿದ್ದರೂ ಹಿಡಿ ಸತುವಿನದಾಗಿರುವುದುಂಟು. ಪ್ಲೇಟಿಂಗಿನಲ್ಲಿ ಕಣ್ಣಿಗೆ ಕಾಣದ ಒಂದು ತೂತಿದ್ದರೂ ತೇವ ಒಳಗಿಳಿದು ಸತು ಕೊರೆಯುತ್ತದೆ, ಮೇಲೆ ಗುಳ್ಳೆ ಎದ್ದು ಸಿಪ್ಪೆ ಸುಲಿಯುತ್ತದೆ. ಹಾಗಾಗಿ ಹಿಡಿ ಯಾವುದರದ್ದು ಎಂದು ಬೇರೆಯಾಗಿಯೇ ಕೇಳಬೇಕು. ಹಿತ್ತಾಳೆಯ ನಲ್ಲಿಗಳಿಗೆ ಐಎಸ್ 781, ಐಎಸ್ 8931 ಎಂಬ ಭಾರತೀಯ ಮಾನಕಗಳಿವೆ. ಡಬ್ಬದ ಮೇಲೆ ಐಎಸ್‌ಐ ಗುರುತಿನ ಜೊತೆ ಆ ಸಂಖ್ಯೆ ಇದೆಯೇ ನೋಡಿಕೊಳ್ಳಬಹುದು.

ಅಯಸ್ಕಾಂತ ತೆಗೆದುಕೊಂಡು ಹೋಗಿ, ಅಂಟಿದರೆ ಕಬ್ಬಿಣ, ಅಂಟದಿದ್ದರೆ ಒಳ್ಳೆಯದು ಎಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ಹಿತ್ತಾಳೆಗೂ ಅಂಟುವುದಿಲ್ಲ, ಪ್ಲಾಸ್ಟಿಕ್ಕಿಗೂ ಅಂಟುವುದಿಲ್ಲ. ಸ್ಟೀಲ್ ಟವೆಲ್ ರಾಡಿನ ವಿಷಯದಲ್ಲಂತೂ ಈ ಪರೀಕ್ಷೆ ಕೈಕೊಡುತ್ತದೆ. 304 ಎಂಬ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. 202 ಎಂಬುದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ. ಅಗ್ಗ, ಆದರೆ ತೇವದಲ್ಲಿ ಬೇಗ ಕಂದು ಚುಕ್ಕೆ ಬೀಳುತ್ತದೆ. ಎರಡಕ್ಕೂ ಅಯಸ್ಕಾಂತ ಅಂಟುವುದು ಅಷ್ಟಕ್ಕಷ್ಟೆ. ಆದ್ದರಿಂದ ಬಿಲ್ಲಿನ ಮೇಲೆ ‘304’ ಎಂದು ಬರೆಸಿಕೊಳ್ಳುವುದೇ ನೇರ ದಾರಿ. ರಾಡಿಗಿಂತ ಮೊದಲು ತುಕ್ಕು ಹಿಡಿಯುವುದು ಅದರ ಜೊತೆ ಪೊಟ್ಟಣದಲ್ಲಿ ಬರುವ ಸ್ಕ್ರೂ. ಗೋಡೆಯ ಮೇಲೆ ಕೆಂಪು ಗೆರೆ ಇಳಿಯುವುದು ಬಹಳ ಸಲ ಅಲ್ಲಿಂದಲೇ. ಸ್ಟೀಲ್ ಸ್ಕ್ರೂಗಳನ್ನು ಬೇರೆ ಕೊಂಡು ಹಾಕಿಸಿದರೆ ತೀರಾ ಸ್ವಲ್ಪ ಹಣಕ್ಕೆ ಗೋಡೆ ಉಳಿಯುತ್ತದೆ.

ಇನ್ನು ಬಣ್ಣ. ಕಾರಾಪುರದ ಕಡೆ ರೆಸಾರ್ಟುಗಳಲ್ಲಿ ಕೆಲಸ ಮಾಡುವ ನಮ್ಮೂರಿನ ಹುಡುಗರು ಫೋನಿನಲ್ಲಿ ಫೋಟೋ ತೋರಿಸುತ್ತಾರೆ. ಕಪ್ಪು ಮ್ಯಾಟ್ ನಲ್ಲಿ, ಗುಲಾಬಿ ಚಿನ್ನದ ಶವರ್. ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೌಳು ನೀರಿನ ಒಂದೊಂದು ಹನಿಯೂ ಒಣಗಿದ ಮೇಲೆ ಬಿಳಿ ಉಂಗುರ ಬಿಟ್ಟುಹೋಗುತ್ತದೆ, ಕಪ್ಪಿನ ಮೇಲೆ ಅದು ಎದ್ದು ಕಾಣುತ್ತದೆ. ದಿನವೂ ಒರೆಸುವ ಜನ ಇದ್ದಲ್ಲಿ, ನೀರನ್ನು ಮೆದುಗೊಳಿಸುವ ಯಂತ್ರ ಇದ್ದಲ್ಲಿ ಆ ಬಣ್ಣ ನಿಲ್ಲಬಹುದು. ಹೊಲದಿಂದ ಬಂದು ಕೈಕಾಲು ತೊಳೆಯುವ ಮನೆಯಲ್ಲಿ ಅದು ಕಷ್ಟ. ಚಿನ್ನದ ಬಣ್ಣದಲ್ಲೂ ಎರಡು ದಾರಿಗಳಿವೆ. ಮೇಲೆ ಅರಗಿನಂಥ ಲೇಪ ಬಳಿದದ್ದು ಒಂದು, ನಿರ್ವಾತದಲ್ಲಿ ಲೋಹವನ್ನು ಆವಿ ಮಾಡಿ ಕೂರಿಸುವ ಪಿವಿಡಿ ಇನ್ನೊಂದು. ಪಿವಿಡಿ ಗಟ್ಟಿ, ಸುಲಭಕ್ಕೆ ಗೀರಾಗದು. ನಾನು ವಿಚಾರಿಸಿದ ಅಂಗಡಿಗಳಲ್ಲಿ ಅದಕ್ಕೆ ಸಾದಾ ಕ್ರೋಮಿನ ಒಂದೂವರೆಯಿಂದ ಎರಡು ಪಟ್ಟು ಬೆಲೆ ಹೇಳಿದರು. ಲೇಪದ್ದು ಅಗ್ಗಕ್ಕೆ ಸಿಗುತ್ತದೆ, ಆದರೆ ಕೈ ತಾಗುವ ಕಡೆ ಮೊದಲು ಮಾಸುತ್ತದೆ. ನಾನು ಆರಿಸಿದ್ದು ಸಾದಾ ಕ್ರೋಮ್. ಅದರ ಮೇಲೂ ಕಲೆ ಬೀಳುತ್ತದೆ, ಆದರೆ ಒದ್ದೆ ಬಟ್ಟೆಗೆ ಬರುತ್ತದೆ. ಮುಂದೆ ಒಂದು ನಲ್ಲಿ ಕೆಟ್ಟರೂ ಅದಕ್ಕೆ ಹೊಂದುವ ಇನ್ನೊಂದು ಯಾವ ಊರಲ್ಲಾದರೂ ಸಿಗುತ್ತದೆ. ಕಪ್ಪು, ಚಿನ್ನಗಳಲ್ಲಿ ಕಂಪನಿಯಿಂದ ಕಂಪನಿಗೆ ಛಾಯೆ ಬೇರೆ.

ಕೆಲಸಕ್ಕೆ ಬಂದ ಪ್ಲಂಬರ್ ಹೊಸ ಡಬ್ಬಗಳ ಕಡೆ ನೋಡಲೂ ಇಲ್ಲ. “ಅಕ್ಕಾ, ನಲ್ಲಿ ಆಮೇಲೆ. ಮೊದ್ಲು ಗೋಡೆ ಒಳಗಿನ ಪೈಪ್ ನೋಡಣ,” ಎಂದ. ನಮ್ಮದು ಹಳೆಯ ಜಿಐ ಪೈಪು. ಕಬ್ಬಿಣಕ್ಕೆ ಸತು ಹೊದಿಸಿದ ಪೈಪಿಗೆ ಹಿತ್ತಾಳೆಯ ನಲ್ಲಿ ನೇರವಾಗಿ ತಾಗಿಕೊಂಡು ನೀರಿನಲ್ಲಿದ್ದರೆ ಸವೆಯುವುದು ಪೈಪೇ ಹೊರತು ಹಿತ್ತಾಳೆಯಲ್ಲ. ಎರಡು ಲೋಹಗಳ ನಡುವೆ ಸಣ್ಣ ವಿದ್ಯುತ್ ಹರಿದು ದುರ್ಬಲವಾದದ್ದು ಕರಗುತ್ತದೆ. ವರ್ಷಗಳ ಮೇಲೆ ತಿರುಪಿನ ಮರೆಯಿರುವ ಜಾಗ ತುಕ್ಕಿನಿಂದ ಟೊಳ್ಳಾಗಿರುತ್ತದೆ. ಹಳೆಯ ನಲ್ಲಿ ಬಿಚ್ಚುವಾಗ ನಿಪ್ಪಲ್ ಎಂಬ ತುಂಡು ಪೈಪು ಗೋಡೆಯೊಳಗೇ ಮುರಿಯುವುದು ಇದರಿಂದಲೇ. ಹಾಗೆ ಮುರಿದರೆ ಟೈಲ್ಸ್ ಒಡೆಯಲೇಬೇಕು, ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಆತ ಎಣ್ಣೆ ಬಿಟ್ಟು, ಒಂದು ರಾತ್ರಿ ನೆನೆಯಲು ಬಿಟ್ಟು, ಮರುದಿನ ನಿಧಾನಕ್ಕೆ ಬಿಚ್ಚಿದ. ಆ ತಾಳ್ಮೆಗೆ ಕೊಟ್ಟ ಕೂಲಿ ಸಾರ್ಥಕ. ಬಿಸಿನೀರಿನ ಸಾಲಿಗೆ ಮಾತ್ರ ಹೊಸದಾಗಿ ಸಿಪಿವಿಸಿ ಪೈಪ್ ಎಳೆಸಿದೆವು, ನಲ್ಲಿ ಕೂರುವ ಕಡೆ ಒಳಗೆ ಹಿತ್ತಾಳೆ ಮರೆ ಇರುವ ಎಲ್ಬೋ ಹಾಕಿದ. ಸೋಲಾರ್ ಹೀಟರಿನ ಬಿಸಿನೀರಿಗೆ ಸಾದಾ ಬಿಳಿ ಪಿವಿಸಿ ಹಾಕಿದರೆ ಬಿಸಿಗೆ ಮೆತ್ತಗಾಗಿ ಬಾಗುತ್ತದೆ.

ಶವರಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಹಳ್ಳಿಮನೆಗಳಲ್ಲಿ ಹಣ ಪೋಲಾಗುವುದು ಇಲ್ಲಿಯೇ. ನೀರಿನ ಒತ್ತಡ ಬರುವುದು ಎತ್ತರದಿಂದ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್. ಒಂದೇ ಅಂತಸ್ತಿನ ಮನೆಯ ತಾರಸಿಯ ಮೇಲೆ ಸಣ್ಣ ಕಟ್ಟೆ ಕಟ್ಟಿ ಟ್ಯಾಂಕ್ ಇಟ್ಟರೆ ಅದರ ತಳದಿಂದ ಶವರಿನ ಬಾಯಿಗೆ ಆರೇಳು ಅಡಿ ಸಿಕ್ಕೀತು. ಅಂದರೆ ಬಾರಿನ ಐದನೇ ಒಂದು ಭಾಗ. ತಟ್ಟೆಯಗಲದ ಮಳೆ ಶವರಿಗೆ ಇದು ಯಾತಕ್ಕೂ ಸಾಲದು. ನಡುವಿನ ತೂತುಗಳಿಂದ ನಾಲ್ಕು ಎಳೆ ಇಳಿಯುತ್ತದೆ ಅಷ್ಟೆ. ಅಂಗೈಯಗಲದ ಸಣ್ಣ ಶವರ್, ರಬ್ಬರಿನ ಮೊನೆಗಳಿರುವುದು, ಉತ್ತಮ. ಉಪ್ಪು ಕಟ್ಟಿದಾಗ ಬೆರಳಿಂದ ತಿಕ್ಕಿದರೆ ಉದುರುತ್ತದೆ. ನಲ್ಲಿಯ ಬಾಯಲ್ಲಿರುವ ಜರಡಿಯನ್ನೂ ಆಗಾಗ ಬಿಚ್ಚಿ ಮರಳು ಕೊಡವಬೇಕು.

ಅತ್ತೆಗೆಂದು ಕೊಂಡದ್ದು ಉದ್ದ ಹಿಡಿಯ ಕಾಲು ಸುತ್ತಿನ ನಲ್ಲಿ. ಮೊಣಕೈ ತಾಗಿಸಿದರೂ ತೆರೆಯುತ್ತದೆ, ಮುಚ್ಚುತ್ತದೆ. ಅದರೊಳಗೆ ಒಂದರ ಮೇಲೊಂದು ಜಾರುವ ಸೆರಾಮಿಕ್ ಬಿಲ್ಲೆಗಳಿರುತ್ತವೆ. ಬೋರಿನ ನೀರಿನಲ್ಲಿ ಬರುವ ನುಣ್ಣನೆ ಮರಳು ಅವುಗಳ ನಡುವೆ ಸಿಕ್ಕಿದರೆ ಗೀರಾಗಿ ಸೋರಲು ಶುರು. ಟ್ಯಾಂಕಿನಿಂದ ಹೊರಡುವ ಪೈಪಿಗೆ ಒಂದು ಜಾಲರಿ ಫಿಲ್ಟರ್ ಹಾಕಿಸಿದ್ದು ಅದಕ್ಕೇ. ಹಿತ್ತಲಲ್ಲಿ, ದನದ ಕೊಟ್ಟಿಗೆಯ ಹತ್ತಿರ, ಹೊಳಪು ಬೇಕಿಲ್ಲದ ಕಡೆ ಪಿಟಿಎಂಟಿ ಪ್ಲಾಸ್ಟಿಕ್ ನಲ್ಲಿ ಸಾಕು. ಅದಕ್ಕೆ ತುಕ್ಕೂ ಇಲ್ಲ, ಕಿಲುಬೂ ಇಲ್ಲ, ಹಿತ್ತಾಳೆಯ ಬೆಲೆಯ ಒಂದು ಭಾಗಕ್ಕೆ ಸಿಗುತ್ತದೆ. ಅಲ್ಲಿ ಉಳಿಸಿದ ಹಣವನ್ನು ಬಚ್ಚಲಿನ ನಲ್ಲಿಗೆ ಹಾಕಿದೆ. ಬಿಚ್ಚಿದ ಹಳೆಯ ಹಿತ್ತಾಳೆ ನಲ್ಲಿಗಳಲ್ಲಿ ಗಟ್ಟಿಯಿದ್ದದ್ದಕ್ಕೆ ವಾಷರ್ ಬದಲಿಸಿ ಕೊಟ್ಟಿಗೆಗೂ ಒಂದು ಹಾಕಿದೆವು. ಉಳಿದದ್ದನ್ನು ಗುಜರಿಯವನು ತೂಕಕ್ಕೆ ಕೊಂಡ.

ಬಚ್ಚಲು ತೊಳೆಯುವ ಆಸಿಡ್ ಮಾತ್ರ ಈ ಮನೆಗೆ ಬರಕೂಡದು ಎಂದು ಹೇಳಿಟ್ಟಿದ್ದೇನೆ. ಅದು ಹೈಡ್ರೋಕ್ಲೋರಿಕ್ ಆಮ್ಲ, ಕ್ರೋಮಿಯಮ್ಮನ್ನೇ ಕರಗಿಸುತ್ತದೆ. ನೆಲಕ್ಕೆ ಹಾಕಿದರೂ ಅದರ ಹಬೆ ತಾಗಿ ನಲ್ಲಿ ಕಪ್ಪಾಗುತ್ತದೆ. ತೆಂಗಿನ ನಾರು, ಸ್ಟೀಲ್ ಉಂಡೆ ಕೂಡ ಬೇಡ. ಸ್ನಾನ ಮುಗಿದ ಮೇಲೆ ಹಳೆಯ ಪಂಚೆಯ ತುಂಡಿನಲ್ಲಿ ಒಮ್ಮೆ ಒರೆಸಿದರೆ ಉಪ್ಪು ಕಟ್ಟಲು ನೀರೇ ಉಳಿಯುವುದಿಲ್ಲ. ಕಟ್ಟಿದ್ದರೆ ನಿಂಬೆಹೋಳು ಸವರಿ, ಒಂದೆರಡು ನಿಮಿಷದಲ್ಲೇ ತೊಳೆದುಬಿಡಬೇಕು. ಆಸಿಡ್ ತಾಗಿದ್ದಕ್ಕೂ ಸೌಳು ನೀರಿನ ಕಲೆಗೂ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ, ಕಾರ್ಡಿನ ಸಣ್ಣ ಅಕ್ಷರಗಳಲ್ಲಿ ಅದನ್ನು ಬರೆದಿರುತ್ತಾರೆ.

ನಮ್ಮ ಸೀಮೆಯಲ್ಲಿ ಬಚ್ಚಲು ಹೊಸದು ಮಾಡಲು ಯೋಚಿಸುತ್ತಿರುವವರು ಅಂಗಡಿಗೆ ಹೋಗುವ ಮೊದಲು ಬೋರಿನ ನೀರನ್ನು ಪರೀಕ್ಷೆ ಮಾಡಿಸಿ. ಎಲ್ಲಿ ಮಾಡಿಸಬಹುದೆಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಕುಡಿಯುವ ನೀರಿನ ಮಾನಕವಾದ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಿಮ್ಮದು 200ನ್ನು ದಾಟಿದ್ದರೆ ಕಪ್ಪು, ಚಿನ್ನಗಳ ಆಸೆ ಬಿಟ್ಟು ಭಾರವಾದ ಹಿತ್ತಾಳೆಯ ಮೇಲಿನ ಸಾದಾ ಕ್ರೋಮ್ ಕೊಳ್ಳಿ, ಜಿಎಸ್‌ಟಿ ಬಿಲ್ಲನ್ನು ಜೋಪಾನವಾಗಿಡಿ.