ತಕ್ಕಡಿ ಎಲ್ಲರಿಗೂ ಒಂದೇ

ಭಾನುವಾರದ ಬಲಿಪೂಜೆ ಮುಗಿಸಿ, ಉಜಿರೆ ಪೇಟೆಯಲ್ಲಿ ವಾರದ ಸಾಮಾನು ಕಟ್ಟಿಸಿಕೊಂಡು ಮನೆಗೆ ಮರಳುವ ಕುಟುಂಬಗಳು ನಮ್ಮಲ್ಲಿ ಅನೇಕ. ಚೀಲದಲ್ಲಿ ಎಣ್ಣೆ, ಚಹಾಪುಡಿ, ಮೆಣಸಿನ ಪುಡಿ, ಉಪ್ಪು, ಸಾಬೂನು ಇರುತ್ತವೆ. ಕಷ್ಟಪಟ್ಟು ದುಡಿದ ಹಣದ ಒಂದು ಪಾಲು ಈ ಚೀಲಕ್ಕೆ ಹೋಗುತ್ತದೆ. ಆದರೆ ಕೊಂಡದ್ದು ಶುದ್ಧವೇ, ತೂಕ ಸರಿಯಿದೆಯೇ, ಬೆಲೆಗೆ ತಕ್ಕದ್ದೇ ಎಂದು ಮನೆಮಂದಿಯೆಲ್ಲ ಕೂಡಿ ನೋಡುವುದು ಎಷ್ಟು ಮನೆಗಳಲ್ಲಿದೆ?

ಇದು ಲೌಕಿಕ ವಿಷಯ, ವಿಶ್ವಾಸದ ಜೀವನಕ್ಕೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಯಾಜಕಕಾಂಡದ 19ನೇ ಅಧ್ಯಾಯವು ನ್ಯಾಯವಾದ ತಕ್ಕಡಿಯನ್ನೂ ಅಳತೆಯನ್ನೂ ದೇವರ ಆಜ್ಞೆಯಾಗಿಯೇ ವಿಧಿಸುತ್ತದೆ. ಅಳತೆಯನ್ನು ಕಿರಿದು ಮಾಡಿ, ಗೋಧಿಯ ಕಸವನ್ನು ಬಡವರಿಗೆ ಮಾರುತ್ತಿದ್ದವರನ್ನು ಪ್ರವಾದಿ ಆಮೋಸನು ಖಂಡಿಸಿದನು. ಕಲಬೆರಕೆ, ಕಡಿಮೆ ತೂಕ, ಸುಳ್ಳು ಜಾಹೀರಾತು ಇವೆಲ್ಲ ಏಳನೆಯ ಕಟ್ಟಳೆಗೆ ವಿರುದ್ಧವಾದ ಪಾಪಗಳು. ಕೊಳ್ಳುವುದೂ ನೈತಿಕ ಹೊಣೆಯುಳ್ಳ ಕೆಲಸವೆಂಬುದನ್ನು ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸೀ' ಪರಿಪತ್ರದಲ್ಲಿ ನಮಗೆ ನೆನಪಿಸಿದ್ದಾರೆ.

ಮನೆಯೇ ಪರೀಕ್ಷಾಲಯ

ವಾರಕ್ಕೊಮ್ಮೆ, ರಾತ್ರಿಯ ಜಪಸರ ಪ್ರಾರ್ಥನೆಯ ಬಳಿಕ ಅರ್ಧ ಗಂಟೆ ಇದಕ್ಕೆ ಮೀಸಲಿಡಿ. ಪರೀಕ್ಷೆಯನ್ನು ಮಕ್ಕಳೇ ಮಾಡಲಿ, ಹಿರಿಯರು ಜೊತೆಗಿರಲಿ. ಇಲ್ಲಿರುವ ಕೆಲವು ವಿಧಾನಗಳನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವೇ ಜನರಿಗಾಗಿ ಪ್ರಕಟಿಸಿದೆ.

ತೆಂಗಿನೆಣ್ಣೆ: ಗಾಜಿನ ಲೋಟದಲ್ಲಿ ಸ್ವಲ್ಪ ಎಣ್ಣೆ ಹಾಕಿ ಫ್ರಿಜ್ಜಿನಲ್ಲಿಡಿ, ಐಸ್ ಕಟ್ಟುವ ಭಾಗದಲ್ಲಿ ಬೇಡ. ಅರ್ಧ ಗಂಟೆಯ ನಂತರ ನೋಡಿ. ತೆಂಗಿನೆಣ್ಣೆ ಗಟ್ಟಿಯಾಗುತ್ತದೆ; ಬೇರೆ ಎಣ್ಣೆ ಬೆರೆತಿದ್ದರೆ ಅದು ಪ್ರತ್ಯೇಕ ಪದರವಾಗಿ ಉಳಿಯುತ್ತದೆ.

ಮೆಣಸಿನ ಪುಡಿ: ಒಂದು ಲೋಟ ನೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ. ಕೃತಕ ಬಣ್ಣವಿದ್ದರೆ ಅದು ಗೆರೆಗೆರೆಯಾಗಿ ಕೆಳಗಿಳಿಯುತ್ತದೆ.

ಕರಿಮೆಣಸು: ನೀರಿಗೆ ಹಾಕಿ. ಒಳ್ಳೆಯ ಕಾಳು ಮುಳುಗುತ್ತದೆ. ಪಪ್ಪಾಯಿ ಬೀಜ ತೇಲುತ್ತದೆ. ಜೊಳ್ಳು ಕಾಳೂ ತೇಲುವುದರಿಂದ, ತೇಲಿದ್ದನ್ನು ತೆಗೆದು ಕಣ್ಣಾರೆ ನೋಡಿ.

ಉಪ್ಪು: ಕತ್ತರಿಸಿದ ಆಲೂಗಡ್ಡೆಯ ಮೇಲೆ ಉಪ್ಪು ಹಚ್ಚಿ, ಒಂದು ನಿಮಿಷ ಬಿಟ್ಟು ಎರಡು ತೊಟ್ಟು ಲಿಂಬೆರಸ ಹಿಂಡಿ. ನೀಲಿ ಬಣ್ಣ ಬಂದರೆ ಉಪ್ಪಿನಲ್ಲಿ ಅಯೋಡಿನ್ ಇದೆ.

ಸಾಬೂನು: ಹೊದಿಕೆಯ ಮೇಲೆ 'ಟಿ.ಎಫ್.ಎಂ.' ಎಂಬುದನ್ನು ಹುಡುಕಿ. ಅದು ಸಾಬೂನಿನಲ್ಲಿರುವ ಒಟ್ಟು ಕೊಬ್ಬಿನ ಅಂಶ. ಮೊದಲ ದರ್ಜೆಯ ಸಾಬೂನಿನಲ್ಲಿ ಇದು ಶೇಕಡಾ 76ಕ್ಕೆ ಕಡಿಮೆಯಿರಬಾರದು. ಸುವಾಸನೆಗೂ ಸಿನಿಮಾ ತಾರೆಯ ಚಿತ್ರಕ್ಕೂ ಈ ಅಂಕಿಗೂ ಸಂಬಂಧವಿಲ್ಲ.

ಅಡುಗೆ ಅನಿಲ: ಮನೆ ಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರಬೇಕು. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. ಎರಡನ್ನೂ ಕೂಡಿಸಿ, ತಂದವರು ತೂಗಿ ತೋರಿಸಲಿ. ಕೇಳುವುದು ನಿಮ್ಮ ಹಕ್ಕು.

ಕೊನೆಯದಾಗಿ ಮಕ್ಕಳಿಗೆ ಬಹಳ ಇಷ್ಟವಾಗುವ ಒಂದು ಪರೀಕ್ಷೆ. ದುಬಾರಿ ಚಹಾಪುಡಿ ಒಂದು, ಅಗ್ಗದ್ದು ಒಂದು ತಂದು ಒಂದೇ ಅಳತೆಯಲ್ಲಿ ಚಹಾ ಮಾಡಿ. ಲೋಟಗಳಿಗೆ ಹೆಸರಿನ ಬದಲು ಅಂಕಿ ಹಾಕಿ. ಎಲ್ಲರೂ ರುಚಿ ನೋಡಿ ತಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದ ಮೇಲೆಯೇ ಹೆಸರು ಹೇಳಿ. ನಾವು ಹಣ ಕೊಡುತ್ತಿರುವುದು ರುಚಿಗೋ, ಜಾಹೀರಾತಿಗೋ ಎಂಬುದು ಉಪದೇಶವಿಲ್ಲದೆಯೇ ಮಕ್ಕಳಿಗೆ ತಿಳಿಯುತ್ತದೆ.

ದುಡುಕಿ ತೀರ್ಪು ಬೇಡ

ಮನೆಯ ಪರೀಕ್ಷೆಗೆ ಮಿತಿಯಿದೆ. ಜೇನನ್ನೇ ನೋಡಿ. 2020ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಹಲವು ಬ್ರಾಂಡುಗಳ ಜೇನನ್ನು ಪರೀಕ್ಷೆಗೆ ಕಳುಹಿಸಿತು. ಸಾಮಾನ್ಯ ಪರೀಕ್ಷೆಗಳಲ್ಲಿ ಗೆದ್ದ ಮಾದರಿಗಳೇ ಜರ್ಮನಿಯ ಪ್ರಯೋಗಾಲಯದ ಸೂಕ್ಷ್ಮ ಪರೀಕ್ಷೆಯಲ್ಲಿ ಸೋತವು. ಕಂಪೆನಿಗಳು ಆ ಫಲಿತಾಂಶವನ್ನು ಒಪ್ಪಲಿಲ್ಲ. ಹೀಗಿರುವಾಗ ಒಂದು ಲೋಟ ನೀರಿನಲ್ಲಿ ಜೇನಿನ ಹನಿ ಬಿಟ್ಟು ನಾವು ತೀರ್ಪು ಕೊಡಲಾಗದು.

ಇನ್ನೊಂದು ಮಾತು. ಸಂಶಯ ಬಂದ ಕೂಡಲೇ ಅಂಗಡಿಯವರ ಹೆಸರನ್ನು ಊರೆಲ್ಲ ಹರಡಿದರೆ, ಏಳನೆಯ ಕಟ್ಟಳೆಯನ್ನು ಕಾಯಲು ಹೋಗಿ ಎಂಟನೆಯದನ್ನು ಮುರಿದಂತಾಗುತ್ತದೆ. ಮೊಹರು ಹಾಕಿದ ಪೊಟ್ಟಣದೊಳಗಿನ ದೋಷ ಅಂಗಡಿಯವರಿಗೇ ತಿಳಿದಿರಲಿಕ್ಕಿಲ್ಲ. ಮೊದಲು ಬಿಲ್ಲು ಮತ್ತು ವಸ್ತುವಿನೊಂದಿಗೆ ಅವರ ಬಳಿಗೆ ಹೋಗಿ ಸಮಾಧಾನದಿಂದ ಮಾತನಾಡಿ. ಸರಿಹೋಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಮೀರಿದರೆ ಮಂಗಳೂರಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ದೂರನ್ನು ಎರಡು ವರ್ಷದೊಳಗೆ ಕೊಡಬೇಕು. 1986ರ ಗ್ರಾಹಕರ ರಕ್ಷಣಾ ಕಾಯಿದೆಯ ಬದಲಿಗೆ ಬಂದ 2019ರ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಕಾನೂನಿನ ದಾರಿ ನಿಧಾನವಾಗಿರಬಹುದು. ಆದರೆ ಅದು ಎರಡೂ ಕಡೆಯ ಮಾತನ್ನು ಕೇಳುತ್ತದೆ.

ನಮ್ಮ ಕೈಯ ತಕ್ಕಡಿ

ಪ್ರಿಯ ಓದುಗರೇ, ಬೆಳ್ತಂಗಡಿ ತಾಲೂಕಿನ ನಮ್ಮಲ್ಲಿ ಹೆಚ್ಚಿನವರು ಕೊಳ್ಳುವವರು ಮಾತ್ರವಲ್ಲ, ಮಾರುವವರೂ ಹೌದು. ಬೆಳಗ್ಗೆ ಹಾಲಿನ ಸೊಸೈಟಿಗೆ ಹಾಲು ಕೊಡುತ್ತೇವೆ. ಅಡಿಕೆ, ತೆಂಗಿನಕಾಯಿ, ರಬ್ಬರ್ ಮಾರುತ್ತೇವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯಂಥ ಕಡೆ ಸ್ವಉದ್ಯೋಗದ ತರಬೇತಿ ಪಡೆದು, ತಾವೇ ತಯಾರಿಸಿ ಮಾರುವ ಯುವಕ ಯುವತಿಯರೂ ಇದ್ದಾರೆ.

ಅಂಗಡಿಯ ಎಣ್ಣೆಯನ್ನು ಫ್ರಿಜ್ಜಿನಲ್ಲಿಟ್ಟು ನೋಡುವ ಮನೆಯಿಂದ ಸೊಸೈಟಿಗೆ ಹೋಗುವ ಹಾಲಿಗೆ ನೀರು ಬೆರೆತಿದ್ದರೆ? ಒಳ್ಳೆಯ ಅಡಿಕೆಯ ಗೋಣಿಯ ನಡುವೆ ಕರಿಗೋಟು ಸೇರಿದ್ದರೆ? ಮಕ್ಕಳು ಎರಡನ್ನೂ ನೋಡುತ್ತಾರೆ. ಆಗ ಅವರು ಕಲಿಯುವುದು ಸತ್ಯವನ್ನಲ್ಲ. ಮೋಸ ಹೋಗಬಾರದು, ಮೋಸ ಮಾಡಬಹುದು ಎಂಬ ಪಾಠವನ್ನು. ಸೊಸೈಟಿಯ ಲ್ಯಾಕ್ಟೋಮೀಟರ್ ತಪ್ಪಿಸಿದ ನೀರನ್ನೂ ದೇವರು ಕಾಣುತ್ತಾರೆ. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಉಳಿಸಿಕೊಳ್ಳಬೇಕೆಂದು ಸಂತ ಪೌಲರು ಥೆಸಲೋನಿಕದ ಸಭೆಗೆ ತಿಳಿಸಿದರು. ಆ 'ಎಲ್ಲವೂ' ಎಂಬುದರಲ್ಲಿ ನಮ್ಮ ಹಾಲಿನ ಕ್ಯಾನೂ ಅಡಿಕೆಯ ಗೋಣಿಯೂ ಸೇರಿವೆ.

ಕುಟುಂಬದಲ್ಲಿ ಚರ್ಚಿಸಿರಿ

1. ಈ ವಾರ ನಮ್ಮ ಮನೆಗೆ ಬಂದ ಯಾವ ವಸ್ತುವನ್ನು ಅಗತ್ಯಕ್ಕಾಗಿ, ಯಾವುದನ್ನು ಜಾಹೀರಾತಿಗೆ ಮರುಳಾಗಿ ಕೊಂಡೆವು?

2. ನಾವು ಮಾರುವ ಅಥವಾ ಮಾಡಿಕೊಡುವ ಯಾವುದನ್ನು ನಾವೇ ಕೊಳ್ಳುವುದಾದರೆ ಒಪ್ಪುತ್ತಿರಲಿಲ್ಲ?

3. ಎಚ್ಚರದ ಕೊಳ್ಳುವಿಕೆಯಿಂದ ತಿಂಗಳಿಗೆ ಉಳಿದ ಹಣದಲ್ಲಿ, ನಮ್ಮ ವಾಳೆಯ ಬಡ ಕುಟುಂಬಕ್ಕೆ ಎಷ್ಟು ಕೊಡಬಲ್ಲೆವು?