ಹುಳುಮನೆಯ ಬಾಗಿಲಲ್ಲಿ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಪ್ರಯಾಣ ಮಾಡಿದವರು ರಾಮನಗರದ ಬಂಡೆಬೆಟ್ಟಗಳನ್ನೂ ಚನ್ನಪಟ್ಟಣದ ಬಣ್ಣದ ಆಟಿಕೆಗಳ ಅಂಗಡಿಗಳನ್ನೂ ನೋಡಿಯೇ ಇರುತ್ತಾರೆ. ರಾಮನಗರದಲ್ಲಿ ಬಲಕ್ಕೆ ತಿರುಗಿ ಹೋದರೆ ಮಾಗಡಿ. ಎಡಕ್ಕೆ ತಿರುಗಿದರೆ ಕನಕಪುರ. 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟ ಈ ನಾಲ್ಕು ತಾಲ್ಲೂಕುಗಳು ರಾಗಿಯ ನಾಡು, ಮಾವಿನ ನಾಡು, ಎಲ್ಲಕ್ಕಿಂತ ಮಿಗಿಲಾಗಿ ರೇಷ್ಮೆಯ ನಾಡು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯು ದೇಶದಲ್ಲೆಲ್ಲ ಹೆಸರಾದುದು. ಈ ಹಳ್ಳಿಗಳಿಗೆ ಹಲವು ವರ್ಷಗಳಿಂದ ಒಂದು ಬಗೆಯ ಅತಿಥಿಗಳು ಬರುತ್ತಿದ್ದಾರೆ. ಅವರು ಗೂಡು ಕೊಳ್ಳುವ ವ್ಯಾಪಾರಿಗಳಲ್ಲ, ಸಾಲ ವಸೂಲಿಗೆ ಬಂದವರೂ ಅಲ್ಲ. ಕೈಯಲ್ಲಿ ಅಚ್ಚಾದ ಪ್ರಶ್ನಾವಳಿ ಹಿಡಿದು, ಜಗಲಿಯ ಮೇಲೆ ಕುಳಿತು, ಮನೆಯವರು ಹೇಳಿದ್ದನ್ನು ಬರೆದುಕೊಂಡು ಹೋಗುವವರು. ಅವರಲ್ಲಿ ಹೆಚ್ಚಿನವರು ಕೃಷಿ ವಿಸ್ತರಣಾ ಶಾಸ್ತ್ರದ ವಿದ್ಯಾರ್ಥಿಗಳು.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು 1964ರಲ್ಲಿ ಸ್ಥಾಪನೆಯಾದಾಗ ಅದಕ್ಕೆ ಮೂರು ಹೊಣೆಗಳನ್ನು ವಹಿಸಲಾಯಿತು: ಬೋಧನೆ, ಸಂಶೋಧನೆ ಮತ್ತು ವಿಸ್ತರಣೆ. ಮೊದಲೆರಡು ನಮಗೆ ತಿಳಿದವೇ. ಪ್ರಯೋಗಕ್ಷೇತ್ರದಲ್ಲಿ ಸಿದ್ಧವಾದ ತಿಳಿವನ್ನು ರೈತನ ಹೊಲಕ್ಕೆ ಮುಟ್ಟಿಸುವುದೇ ವಿಸ್ತರಣೆ. ಮೇಲುನೋಟಕ್ಕೆ ಇದು ಅಂಚೆಯವನ ಕೆಲಸದಂತೆ ಕಾಣಬಹುದು. ಆದರೆ ಅಂಚೆಯವನಿಗೆ ಲಕೋಟೆಯ ಮೇಲೆ ವಿಳಾಸವಿರುತ್ತದೆ. ವಿಸ್ತರಣಾ ಕಾರ್ಯಕರ್ತನು ವಿಳಾಸವನ್ನೂ ತಾನೇ ಹುಡುಕಬೇಕು. ಹೊಸ ತಿಳಿವು ಯಾರಿಗೆ ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ, ಮುಟ್ಟಿದರೂ ಏಕೆ ಆಚರಣೆಗೆ ಬರಲಿಲ್ಲ ಎಂದು ಪರಿಶೀಲಿಸುವುದು ಈಗ ಒಂದು ಶಾಸ್ತ್ರವೇ ಆಗಿದೆ.

ಈ ಶಾಸ್ತ್ರದ ಆರಂಭಕಾಲದ ಒಂದು ಅಧ್ಯಯನವು ಪ್ರಸಿದ್ಧವಾಗಿದೆ. ಅಮೆರಿಕದ ಅಯೋವಾ ರಾಜ್ಯದಲ್ಲಿ 1928ರ ಹೊತ್ತಿಗೆ ಸಂಕರಣ ಮುಸುಕಿನ ಜೋಳದ ಬೀಜವು ಮಾರಾಟಕ್ಕೆ ಬಂದಿತ್ತು. ಅದನ್ನು ರೈತರು ಹೇಗೆ ಸ್ವೀಕರಿಸಿದರೆಂದು ತಿಳಿಯಲು ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ಸಮಾಜವಿಜ್ಞಾನಿಗಳು 259 ರೈತರನ್ನು ಕಂಡು ವಿಚಾರಿಸಿ, 1943ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆ ವೇಳೆಗೆ ಇಬ್ಬರನ್ನುಳಿದು ಎಲ್ಲರೂ ಹೊಸ ಬೀಜಕ್ಕೆ ಬಂದಿದ್ದರು. ಆದರೆ ಕೇಳಿದ ಮಾತ್ರಕ್ಕೆ ಯಾರೂ ಬಿತ್ತಿರಲಿಲ್ಲ. ಬೀಜದ ಸುದ್ದಿಯನ್ನು ಮೊದಲು ತಂದವನು ಮಾರಾಟಗಾರನಾದರೂ, ಮನಸ್ಸು ಮಾಡಿಸಿದ್ದು ಪಕ್ಕದ ಹೊಲದವನ ಅನುಭವ.

ಮಾಗಡಿಯ ಮಳೆಯಾಶ್ರಿತ ಹೊಲಗಳಲ್ಲಿ ರಾಗಿ ಬೆಳೆಯುವವರಿಗೂ ಈ ಮಾತು ಸಲ್ಲುತ್ತದೆ. ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಸಿ. ಎಚ್. ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ರೂಪಿಸಿದರು. ಬೆಂಕಿರೋಗವನ್ನು ತಡೆಯಬಲ್ಲ ಜಿಪಿಯು-28 ಎಂಬ ತಳಿಯು 1990ರ ದಶಕದಲ್ಲಿ ಬಂದಿತು. ಯಾವ ತಳಿಯನ್ನು ಆರಿಸಬೇಕೆಂಬಲ್ಲಿ ರೈತನು ಎಕರೆಗೆ ಎಷ್ಟು ಕ್ವಿಂಟಲ್ ಎಂಬುದನ್ನಷ್ಟೇ ನೋಡುವುದಿಲ್ಲ. ಮಳೆ ತಡವಾದರೆ ಬೆಳೆ ನಿಂತೀತೆ, ದನಗಳಿಗೆ ಹುಲ್ಲು ಸಾಕಾದೀತೆ, ಮುದ್ದೆ ಹದವಾಗಿ ಬಂದೀತೆ ಎಂದೂ ನೋಡುತ್ತಾನೆ. ಕೊನೆಯ ಪ್ರಶ್ನೆಗೆ ಉತ್ತರ ಹೇಳುವವಳು ಅವನಲ್ಲ, ಒಲೆಯ ಮುಂದೆ ಕುಳಿತವಳು. 1962ರಲ್ಲಿ ಎವರೆಟ್ ರೋಜರ್ಸ್ ಎಂಬ ವಿದ್ವಾಂಸರು ಹೊಸತನ್ನು ಸ್ವೀಕರಿಸುವವರನ್ನು ಐದು ವರ್ಗಗಳಾಗಿ ವಿಂಗಡಿಸಿ, ಕಟ್ಟಕಡೆಗೆ ಬರುವವರನ್ನು ಹಿಂದುಳಿಯುವವರೆಂದು ಕರೆದರು. ಈ ಹೆಸರು ಅಷ್ಟು ನ್ಯಾಯವಾದುದಲ್ಲ. ಎರಡು ಎಕರೆ ಒಣಭೂಮಿಯುಳ್ಳವನು ಒಂದು ಮುಂಗಾರನ್ನು ಕಳೆದುಕೊಂಡರೆ ವರ್ಷದ ಅನ್ನವನ್ನೇ ಕಳೆದುಕೊಂಡಂತೆ. ಅವನ ನಿಧಾನಕ್ಕೆ ಕಾರಣವಿದೆ.

ರಾಗಿಯ ಹೊಲದಲ್ಲಿ ಗಂಡಸರ ದುಡಿಮೆಯಾದರೂ ಕಣ್ಣಿಗೆ ಕಾಣುತ್ತದೆ. ರೇಷ್ಮೆಯ ಕೃಷಿಯಲ್ಲಾದರೋ ಮುಖ್ಯವಾದ ದುಡಿಮೆಯೆಲ್ಲ ಮನೆಯ ಒಳಗೆ ನಡೆಯುವುದು. ಅಲ್ಲಿಯೇ ವಿಸ್ತರಣಾ ಸಂಶೋಧನೆಯು ತನ್ನ ತಪ್ಪನ್ನು ತಾನೇ ಕಂಡುಕೊಳ್ಳಬೇಕಾಯಿತು.

ಈ ಸೀಮೆಗೂ ರೇಷ್ಮೆಗೂ ನಂಟು ಹಳೆಯದು. ಮಾಗಡಿ, ಕುಣಿಗಲ್ ಕಡೆಯ ಹಳ್ಳಿಗಳು ಮೈಸೂರು ತಳಿಯ ಬಿತ್ತನೆ ಗೂಡಿಗೆ ನೆಲೆ. ಚನ್ನಪಟ್ಟಣದ ಬಳಿಯ ಕಣ್ವ ಕ್ಷೇತ್ರದಲ್ಲಿ ಆರಿಸಿದ ಹಿಪ್ಪುನೇರಳೆಗೆ ಕಣ್ವ-2 ಎಂಬ ಹೆಸರೇ ನಿಂತಿದೆ. ಎಂ-5 ಎಂದೂ ಅದನ್ನು ಕರೆಯುವರು. ನೂರು ಮೊಟ್ಟೆ ಸಾಕುತ್ತೇವೆಂದು ರೈತನು ಹೇಳಿದರೆ ಅದರ ಅರ್ಥ ನೂರು ಚಿಟ್ಟೆಗಳು ಇಟ್ಟ ಮೊಟ್ಟೆಗಳೆಂದು; ಅವುಗಳಿಂದ ಸುಮಾರು ನಲವತ್ತು ಸಾವಿರ ಹುಳುಗಳು ಹೊರಬರುತ್ತವೆ. ನಾಲ್ಕು ಬಾರಿ ಪೊರೆ ಕಳಚುವ ಈ ಹುಳುಗಳು ಇಪ್ಪತ್ತೈದು ಇಪ್ಪತ್ತೆಂಟು ದಿನಗಳಲ್ಲಿ ಗೂಡು ಕಟ್ಟುವ ಹಂತಕ್ಕೆ ಬರುತ್ತವೆ. ಪೊರೆ ಕಳಚುವ ಸಮಯವನ್ನು ನಮ್ಮ ಜನ ‘ಜ್ವರ’ವೆನ್ನುತ್ತಾರೆ, ಆಗ ಹುಳು ಸೊಪ್ಪು ಮುಟ್ಟದೆ ತಲೆಯೆತ್ತಿ ಸ್ತಬ್ಧವಾಗಿರುತ್ತದೆ. ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕಿದ್ದು ಕೊನೆಯ ವಾರದಲ್ಲಿಯೇ ಮುಗಿಯುತ್ತದೆ. ಆ ವಾರ ಹುಳುಮನೆಯಲ್ಲಿ ನಿಂತು ಕೇಳಿದರೆ, ಹೆಂಚಿನ ಮೇಲೆ ಜಿಟಿಜಿಟಿ ಮಳೆ ಬಿದ್ದಂತೆ ಸೊಪ್ಪು ಮೆಲ್ಲುವ ಸದ್ದು ಕೇಳಿಸುತ್ತದೆ.

ಈ ದಿನಗಳಲ್ಲಿ ಎಳೆಯ ಸೊಪ್ಪನ್ನು ಹೆಚ್ಚಿ ಹಾಕುವುದು, ಹಿಕ್ಕೆಯನ್ನೂ ಉಳಿದ ಸೊಪ್ಪನ್ನೂ ತೆಗೆದು ತಟ್ಟೆಯನ್ನು ಶುಚಿಮಾಡುವುದು, ಜ್ವರಕ್ಕೆ ಕುಳಿತ ಹುಳುವನ್ನು ಕಂಡು ಸೊಪ್ಪು ನಿಲ್ಲಿಸುವುದು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವುದು, ಇವೆಲ್ಲ ಬಹುಮಟ್ಟಿಗೆ ಹೆಂಗಸರ ಕೆಲಸ. ಹಾಲುತೊಂಡೆ ರೋಗವಾಗಲಿ ಸುಣ್ಣಕಟ್ಟು ರೋಗವಾಗಲಿ ಮೊದಲು ಕಣ್ಣಿಗೆ ಬೀಳುವುದು ಅವರಿಗೇ. ಗೂಡು ಬಿಡಿಸಿದ ಮೇಲೆ ಮೂಟೆ ಕಟ್ಟಿ ಮಾರುಕಟ್ಟೆಗೆ ಒಯ್ಯುವವರು ಮಾತ್ರ ಗಂಡಸರು.

1980ರಲ್ಲಿ ಕರ್ನಾಟಕದ ರೇಷ್ಮೆಗೆ ಒಂದು ಹೊಸ ಪಿಡುಗು ಬಂದಿತು: ಊಜಿ ನೊಣ. ಬಂಗಾಳದ ಕಡೆ ಬಹುಕಾಲದಿಂದ ಇದ್ದ ಈ ನೊಣವು ಇಲ್ಲಿಗೆ ಕಾಲಿಟ್ಟ ಮೇಲೆ ಬೇಗನೆ ಹರಡಿತು. ಮನೆನೊಣಕ್ಕಿಂತ ದೊಡ್ಡದಾದ ಅದು ರೇಷ್ಮೆಹುಳುವಿನ ಮೈಮೇಲೆ ಒಂದೆರಡು ಮೊಟ್ಟೆಯಿಟ್ಟು ಹಾರಿಹೋಗುತ್ತದೆ. ಎರಡು ಮೂರು ದಿನಗಳಲ್ಲಿ ಮೊಟ್ಟೆಯೊಡೆದ ಮರಿಯು ಚರ್ಮವನ್ನು ಕೊರೆದು ಒಳಹೊಕ್ಕು ಬೆಳೆಯುತ್ತದೆ. ಹೊಕ್ಕ ಜಾಗದಲ್ಲಿ ಒಂದು ಕಪ್ಪು ಚುಕ್ಕೆ ಉಳಿಯುತ್ತದೆ. ಎಳೆಯ ಹುಳುವಾದರೆ ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಬಲಿತ ಹುಳುವು ಹೇಗೋ ಗೂಡು ಕಟ್ಟಿದರೂ ನೊಣದ ಮರಿಯು ಅದನ್ನು ತೂತು ಮಾಡಿ ಹೊರಬೀಳುತ್ತದೆ. ತೂತಾದ ಗೂಡಿನಿಂದ ನೂಲು ತೆಗೆಯಲಾಗದು. ಹೊರಬಿದ್ದ ಮರಿಯು ನೆಲದ ಬಿರುಕಿನಲ್ಲಿ ಸೇರಿ ಕೋಶವಾಗುತ್ತದೆ. ಮುಂದಿನ ಬೆಳೆಯ ಹೊತ್ತಿಗೆ ಮತ್ತೆ ನೊಣ.

ಇದಕ್ಕೆ ವಿಜ್ಞಾನಿಗಳು ಸೂಚಿಸಿದ ಉಪಾಯಗಳು ಕಠಿಣವೇನಲ್ಲ. ಕಿಟಕಿ ಬಾಗಿಲುಗಳಿಗೆ ನೈಲಾನ್ ಪರದೆ, ಹುಳುಮನೆಗೆ ಒಂದು ಮುಂಗೋಣೆ, ನೆಲದ ಬಿರುಕುಗಳಿಗೆ ಮೆತ್ತುಗೆ, ಉದುರಿದ ಮರಿಗಳನ್ನು ಆರಿಸಿ ನಾಶಮಾಡುವುದು. ಆದರೆ ಇಂಥ ಪರದೆಯನ್ನು ಕಟ್ಟಿದ ಮಾತ್ರಕ್ಕೆ ಕೆಲಸವಾಗದು. ದಿನಕ್ಕೆ ಮೂರು ನಾಲ್ಕು ಬಾರಿ ಸೊಪ್ಪಿನ ಹೊರೆಯೊಡನೆ ಒಳಗೆ ಹೋಗಿ ಬರುವವರು ಪ್ರತಿ ಸಲವೂ ಅದನ್ನು ಎಳೆದು ಮುಚ್ಚಬೇಕು. ಹಾಗೆ ಹೋಗಿ ಬರುವವಳು ಹೆಂಗಸು. ತರಬೇತಿಗೆ ಕರೆಸಿಕೊಂಡದ್ದು ಗಂಡಸನ್ನು. ಅವನು ಊರಿಗೆ ಮರಳಿ ಕೇಳಿದ್ದರಲ್ಲಿ ಅರ್ಧವನ್ನು ಹೇಳಿದರೆ ಹೆಚ್ಚು.

ಹೀಗೇಕಾಯಿತು? ಯಾರದೂ ದುರುದ್ದೇಶವಿರಲಿಲ್ಲ. ತರಬೇತಿಗೆ ಹೆಸರು ಬರೆಯುವಾಗ ಪಹಣಿಯನ್ನು ನೋಡುವುದು ರೂಢಿ. ಪಹಣಿಯಲ್ಲಿರುವುದು ಸಾಮಾನ್ಯವಾಗಿ ಗಂಡಸಿನ ಹೆಸರು. 2015–16ರ ಕೃಷಿ ಗಣತಿಯಲ್ಲಿಯೂ ದೇಶದ ಹಿಡುವಳಿದಾರರ ಪೈಕಿ ಹೆಂಗಸರು ಶೇಕಡ 14ರಷ್ಟು ಮಾತ್ರ. ಪ್ರಶ್ನಾವಳಿ ಹಿಡಿದು ಬಂದ ವಿದ್ಯಾರ್ಥಿಯೂ ‘ಕುಟುಂಬದ ಯಜಮಾನ’ನನ್ನೇ ಕೇಳುತ್ತಿದ್ದನು. ನಿಮ್ಮ ಮನೆಯಾಕೆಯ ಉದ್ಯೋಗವೇನೆಂದರೆ, “ಅವಳೇನು ಮಾಡ್ತಾಳೆ, ಮನೇಲಿರ್ತಾಳೆ ಕಣಪ್ಪ” ಎಂಬ ಉತ್ತರ. ಕಾಗದದ ಮೇಲೆ ‘ಗೃಹಕೃತ್ಯ’ ಎಂದು ದಾಖಲಾಗುತ್ತಿತ್ತು. ನಲವತ್ತು ಸಾವಿರ ಹುಳುಗಳ ಆರೈಕೆಯು ಗೃಹಕೃತ್ಯವೇ?

ಈ ಕುರುಡು ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್ 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೆಂಗಸರೇ ಬೇಸಾಯ ಮಾಡುವ ಆಫ್ರಿಕದ ಸೀಮೆಗಳಲ್ಲಿಯೂ ಹೊಸ ವಿದ್ಯೆಯನ್ನು ಗಂಡಸರಿಗೇ ಕಲಿಸಲಾಯಿತೆಂದು ತೋರಿಸಿದ್ದರು. ಕರ್ನಾಟಕದಲ್ಲಿ 1980ರ ದಶಕದಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ರೈತ ಮಹಿಳೆಯರ ತರಬೇತಿಗೆಂದೇ ಒಂದು ಯೋಜನೆ ಆರಂಭವಾಯಿತು. ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯಲ್ಲಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ. ಇಂಥ ಕೇಂದ್ರಗಳಲ್ಲಿ ಬೇಸಾಯದ ತಜ್ಞರ ಜೊತೆಗೆ ಗೃಹವಿಜ್ಞಾನದ ತಜ್ಞರೂ ಇರುತ್ತಾರೆ.

ಬದಲಾದುದು ಪ್ರಶ್ನೆ ಕೇಳುವ ರೀತಿಯೂ ಹೌದು. ಕೃಷಿ ಪದವಿಯ ಅಂತಿಮ ವರ್ಷದ ವಿದ್ಯಾರ್ಥಿಗಳು ಈಗ ಕೆಲವು ತಿಂಗಳು ಹಳ್ಳಿಯಲ್ಲಿಯೇ ಉಳಿಯಬೇಕು. ಅವರಲ್ಲಿ ಹುಡುಗಿಯರೂ ಬಹಳ ಮಂದಿ. ಗಂಡಸರಿಗೆ ಸಂಕೋಚವಾಗುವ ಅಡುಗೆಮನೆಗೂ ಹುಳುಮನೆಗೂ ಅವರು ಸಲೀಸಾಗಿ ಹೋಗಬಲ್ಲರು. ದೇವಸ್ಥಾನದ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆಯನ್ನು ಬರೆಯಿಸುವುದು ಅವರ ಒಂದು ಪದ್ಧತಿ. ಓದುಬರಹ ಬಾರದವರಿಗೂ ರಂಗೋಲಿಯು ಕೈಗೆ ಪಳಗಿದ ವಿದ್ಯೆ. ಕೆರೆ, ತೋಟ, ದಾರಿಗಳನ್ನು ಬಿಡಿಸಿದ ಮೇಲೆ ಅದೇ ಪುಡಿಯಿಂದ ಒಂದು ದೊಡ್ಡ ವೃತ್ತವನ್ನೆಳೆದು, “ಅಮ್ಮ, ಇದು ನಿಮ್ಮ ಒಂದು ದಿನ, ಯಾವ ಹೊತ್ತಿಗೆ ಏನು ಮಾಡುತ್ತೀರಿ?” ಎಂದು ಕೇಳುತ್ತಾರೆ. ಮುಂಜಾನೆಯ ಸೊಪ್ಪು, ಹಾಲು ಕರೆಯುವುದು, ನೀರು ತರುವುದು, ಅಡುಗೆ, ಹೊತ್ತೇರುವಾಗ ಮತ್ತೆ ಸೊಪ್ಪು, ಹೊಲದ ಕಳೆ, ಸಂಜೆಯ ಸೊಪ್ಪು, ಅಡುಗೆ, ಎಲ್ಲರೂ ಮಲಗಿದ ಮೇಲೆ ದೀಪದ ಬೆಳಕಿನಲ್ಲಿ ರಾತ್ರಿಯ ಸೊಪ್ಪು ಎಂದು ವೃತ್ತವು ತುಂಬುತ್ತ ಬರುತ್ತದೆ.

ಇಂಥ ವೃತ್ತವನ್ನು ನೋಡಿದ ಮೇಲೆ ಬೆಳಗಿನ ಹತ್ತು ಗಂಟೆಗೆ ತಾಲ್ಲೂಕು ಕೇಂದ್ರದಲ್ಲಿ ತರಬೇತಿಯನ್ನು ಏರ್ಪಡಿಸಿ, ಹೆಂಗಸರು ಬರಲಿಲ್ಲವೆಂದು ವರದಿ ಬರೆಯುವುದಕ್ಕೆ ಕೈ ಏಳದು. ಅದರಲ್ಲಿ ಖಾಲಿಯಿರುವುದು ಮಧ್ಯಾಹ್ನ ಎರಡರಿಂದ ಮೂರೂವರೆಯವರೆಗಿನ ಒಂದು ಸಣ್ಣ ತುಂಡು, ಒಂದು ಸೊಪ್ಪಿಗೂ ಇನ್ನೊಂದು ಸೊಪ್ಪಿಗೂ ನಡುವಿನ ಹೊತ್ತು. ಊಜಿ ನೊಣದ ಪಾಠವನ್ನು ಆ ಹೊತ್ತಿನಲ್ಲಿ, ಹುಳುಮನೆಯ ಬಾಗಿಲಲ್ಲಿಯೇ, ಪರದೆಯನ್ನು ಕೈಯಲ್ಲಿ ಹಿಡಿದು ಹೇಳಬೇಕಾಗುತ್ತದೆ.