ಫೋನ್ ಕಂಪನಿಗಳ ಏಳು ವರ್ಷದ ಮಾತು



ಸಂಘದ ಕಚೇರಿಗೆ ಹೊಸ ಸ್ಮಾರ್ಟ್‌ಫೋನ್ ಕೊಳ್ಳುವ ವಿಷಯ ಆಡಳಿತ ಮಂಡಳಿಯ ಮುಂದೆ ಬಂದಾಗ, "ಏಳು ವರ್ಷ ಅಪ್‌ಡೇಟ್" ಎಂಬ ಜಾಹೀರಾತನ್ನು ಸದಸ್ಯರೊಬ್ಬರು ತೋರಿಸಿದರು. ಹಿಂದಿನ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ನಿಂತುಹೋಗಿ, ಕಾಫಿ ಬಾಬ್ತಿನ ಹಣ ಕಳುಹಿಸಲು ಪರದಾಡಿದ ನೆನಪು ನಮಗಿನ್ನೂ ಮಾಸಿರಲಿಲ್ಲ. ಆದುದರಿಂದ ಇಂಥ ಮಾತುಗಳು ಹಿಂದೆ ಎಷ್ಟರಮಟ್ಟಿಗೆ ನಡೆದಿವೆಯೆಂದು ವಿಚಾರಿಸಿ ನೋಡಿದೆವು.

ಅಪ್‌ಡೇಟಿನಲ್ಲಿ ಎರಡು ಬಗೆ. ಹೊಸ ಆವೃತ್ತಿ ಬಾರದಿದ್ದರೆ ಕಾಲಾಂತರದಲ್ಲಿ ಬ್ಯಾಂಕಿನ ಆ್ಯಪ್ ತೆರೆಯುವುದಿಲ್ಲ. ಭದ್ರತಾ ಅಪ್‌ಡೇಟ್ ಬಾರದಿದ್ದರೆ ಆ್ಯಪ್ ತೆರೆಯಬಹುದು, ಆದರೆ ಕಳ್ಳನಿಗೂ ಕಂಡಿ ತೆರೆದಿರುತ್ತದೆ. ಅಡಿಕೆಗೆ ಬೋರ್ಡೋ ಹೊಡೆದಂತೆ ಇದೂ ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ.

2011ರಲ್ಲಿ ಗೂಗಲ್ ಹಲವು ತಯಾರಕರನ್ನು ಕೂಡಿಸಿಕೊಂಡು, ಹೊಸ ಫೋನುಗಳಿಗೆ 18 ತಿಂಗಳು ಅಪ್‌ಡೇಟ್ ದೊರೆಯುವುದೆಂದು ಸಾರಿತು. ಯಂತ್ರ ಒಪ್ಪಿದರೆ ಎಂಬ ಬಾಲವೂ ಅದಕ್ಕಿತ್ತು! ಆ ಒಕ್ಕೂಟ ಸದ್ದಿಲ್ಲದೆ ಮರೆಯಾಯಿತು. ಅದೇ ವರ್ಷ ಹೊರಬಂದ ಗ್ಯಾಲಕ್ಸಿ ನೆಕ್ಸಸ್‌ಗೆ 2013ರಲ್ಲಿ ಆಂಡ್ರಾಯ್ಡ್ 4.4 ಸಿಗಲಿಲ್ಲ. ಅದರ ಚಿಪ್ ಮಾಡಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಷ್ಟರಲ್ಲಿ ಮೊಬೈಲ್ ಚಿಪ್ಪಿನ ವ್ಯವಹಾರದಿಂದಲೇ ಹಿಂದೆ ಸರಿದಿತ್ತು. ಮಾತು ಕೊಡುವವರು ಒಬ್ಬರು, ಅದು ನಡೆಯಲು ಬೇಕಾದವರು ಮತ್ತೊಬ್ಬರು. ಇನ್ನು ಎಲ್‌ಜಿ 2021ರ ಏಪ್ರಿಲಿನಲ್ಲಿ ಫೋನ್ ವ್ಯಾಪಾರವನ್ನೇ ಬಿಡುವುದಾಗಿ ಪ್ರಕಟಿಸಿತು. 2025ರ ಜೂನ್ 30ಕ್ಕೆ ಅದರ ಅಪ್‌ಡೇಟ್ ಸೇವೆಯೂ ಮುಗಿಯಿತು.

ಹಾಗೆಂದು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ನೆದರ್ಲೆಂಡ್ಸಿನ ಸಣ್ಣ ಕಂಪನಿ ಫೇರ್‌ಫೋನ್, 2015ರ ತನ್ನ ಎರಡನೆಯ ಫೋನನ್ನು, ಚಿಪ್ ತಯಾರಕರು ಕೈಬಿಟ್ಟ ಮೇಲೂ 2023ರ ಮಾರ್ಚಿನವರೆಗೆ ನಡೆಸಿತು. 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಭದ್ರತಾ ಅಪ್‌ಡೇಟ್ ಬಂತು. ಮಾರುವಾಗ ಆಪಲ್ ವರ್ಷದ ಲೆಕ್ಕವನ್ನೇ ಹೇಳಿರಲಿಲ್ಲ. ಗೂಗಲ್ ಕೂಡ ಪಿಕ್ಸೆಲ್ 6ಕ್ಕೆ ಮೂರು ವರ್ಷವೆಂದಿದ್ದ ಹೊಸ ಆವೃತ್ತಿಗಳನ್ನು 2024ರ ಡಿಸೆಂಬರಿನಲ್ಲಿ ಐದಕ್ಕೆ ಏರಿಸಿತು.

ಏಳು ವರ್ಷದ ಮಾತು ಪಿಕ್ಸೆಲ್ 8ರೊಂದಿಗೆ 2023ರ ಅಕ್ಟೋಬರಿನಲ್ಲಿ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ರೊಂದಿಗೆ 2024ರ ಜನವರಿಯಲ್ಲಿ ಬಂತು. ಅದರ ಪರೀಕ್ಷೆ ಆಗುವುದು 2030ರ ನಂತರ. ಆದರೆ ಸದಸ್ಯರು ಮುಖ್ಯವಾಗಿ ಗಮನಿಸತಕ್ಕದ್ದು ಬೇರೆ: ವರ್ಷದ ಎಣಿಕೆ ಫೋನು ಮೊದಲು ಮಾರುಕಟ್ಟೆಗೆ ಬಂದ ದಿನದಿಂದ, ನಾವು ಕೊಂಡ ದಿನದಿಂದಲ್ಲ. ಮೂರು ವರ್ಷ ಹಳೆಯ ಮಾದರಿಯನ್ನು ದೀಪಾವಳಿ ರಿಯಾಯಿತಿಯಲ್ಲಿ ಕೊಂಡವರಿಗೆ ಏಳರಲ್ಲಿ ಉಳಿಯುವುದು ನಾಲ್ಕೇ. ಅದೂ ದುಬಾರಿ ಫೋನಿನ ಮಾತು. ಅಗ್ಗದವುಗಳಿಗೆ ಅವಧಿ ಸಾಮಾನ್ಯವಾಗಿ ಕಡಿಮೆ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮ ಮಾತ್ರ, ಆ ಮಾದರಿಯ ಮಾರಾಟ ನಿಂತ ದಿನದಿಂದ ಐದು ವರ್ಷ ಎಣಿಸುತ್ತದೆ. ನಮ್ಮಂತೆ ತಡವಾಗಿ ಕೊಳ್ಳುವವರಿಗೆ ಹಿತವಾದ ಲೆಕ್ಕ ಅದು.

ಕಚೇರಿಯ ಹೊಸ ಫೋನಿನ ಬಿಡುಗಡೆ ದಿನವನ್ನೂ ಅಪ್‌ಡೇಟ್ ಮುಗಿಯುವ ದಿನವನ್ನೂ ದಾಸ್ತಾನು ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಸದಸ್ಯರು ತಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕೊನೆಯ ಭದ್ರತಾ ಅಪ್‌ಡೇಟಿನ ದಿನಾಂಕ ನೋಡಿಕೊಳ್ಳಬೇಕು. ತಿಳಿಯದವರು ಸಂತೆಯ ದಿನ ಬಿಟ್ಟು ಬೇರೆ ದಿನ ಕಚೇರಿಗೆ ತಂದರೆ ಗುಮಾಸ್ತರು ನೋಡಿ ಹೇಳುವರು.